ಮಗ್ಗದ ಕುಣಿಯಲ್ಲಿಟ್ಟ ಸ್ಪೀಕರ್

ಇಲ್ಲ, ಗಂಜಿಯ ವಾಸನೆ ಆಮೇಲೆ ಸೇರಿಕೊಂಡಿರಬೇಕು. ಮೊದಲು ಮೂಗಿಗೆ ಬಂದದ್ದು ಕಾದ ಧೂಳಿನ ವಾಸನೆ. ಆಂಪ್ಲಿಫೈಯರ್ ಹಚ್ಚಿದ ಹತ್ತು ನಿಮಿಷಕ್ಕೆ ಅದರ ಬೆನ್ನಿನ ಸೀಳುಗಳಿಂದ ಏಳುತ್ತಿದ್ದ ಆ ವಾಸನೆಗೆ ನೂಲಿನ ಗಂಜಿಯ ಹುಳಿಯನ್ನು ನನ್ನ ನೆನಪೇ ಬೆರೆಸಿದೆಯೋ ಏನೋ. ಅಷ್ಟೊತ್ತಿಗೆ ಮನೆಯ ಮಗ್ಗ ಬಿಚ್ಚಿಯಾಗಿತ್ತಲ್ಲ, ಗಂಜಿ ಎಲ್ಲಿಂದ ಬರಬೇಕು? ಆದರೂ ಮೊನ್ನೆ ಸ್ಪೀಕರ್ ಅಂಗಡಿಯೊಂದರಲ್ಲಿ ಮಾರುವವನೊಬ್ಬ, ಸಿನಿಮಾಕ್ಕೂ ಸಂಗೀತಕ್ಕೂ ಇದೊಂದೇ ಸೆಟ್ ಸಾಕು ಮೇಡಂ ಎಂದು ವಿವರಿಸುತ್ತಿದ್ದಾಗ ಎರಡು ವಾಸನೆಗಳೂ ಒಟ್ಟಿಗೇ ಬಂದವು. ಎಂಬತ್ತರ ದಶಕದ ನಡುವಿನಲ್ಲೆಲ್ಲೋ ಬಾಗಲಕೋಟೆಯ ಅಂಗಡಿಯವನು ನಮ್ಮ ದೊಡ್ಡಪ್ಪನಿಗೆ ಹೇಳಿದ್ದೂ ಇದೇ ಮಾತು. ಸುಳ್ಳುಗಳು ಮಾತ್ರ ಹಳತಾಗುವುದಿಲ್ಲ.

ದೊಡ್ಡಪ್ಪ ಇಳಕಲ್ಲಿನಲ್ಲಿ ಸೀರೆ ವ್ಯಾಪಾರ ಮಾಡುತ್ತಿದ್ದ. ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗದ ಕುಣಿಗೆ, ನೇಯುವವರು ಕೂರುವ ಆ ಗುಂಡಿಗೆ, ಒಂದು ದಿನವೂ ಕಾಲು ಇಳಿಬಿಟ್ಟವನಲ್ಲ. ಬೇರೆಯವರು ನೇಯ್ದದ್ದನ್ನು ಅಂಗೈ ಮೇಲೆ ಹಿಡಿದು, ಎರಡು ಸಲ ಎತ್ತಿ ಇಳಿಸಿ, ಹುಬ್ಬು ಹಾರಿಸಿ ಬೆಲೆ ಕಟ್ಟುವುದೇ ಅವನ ವಿದ್ಯೆ. ಮೆತ್ತಗಿನ ಸೀರೆಗೆ ದಪ್ಪ ಗಂಜಿ ಕುಡಿಸಿ ಭಾರ ಬರಿಸುವುದು ಅವನಿಗೆ ಗೊತ್ತಿತ್ತು. ಹಾಗೆ ಭಾರ ಬರಿಸಿದ್ದನ್ನು ಪರವೂರಿನವರಿಗೆ ದಾಟಿಸಿ ಬಂದ ದಿನ ಊಟಕ್ಕೆ ಕೂತು ತನ್ನಷ್ಟಕ್ಕೇ ನಗುತ್ತಿದ್ದ. ಓಣಿಯಲ್ಲಿ ಮೊದಲು ಟಿವಿ ತಂದವನು, ಮೊದಲು ವಿಸಿಆರ್ ತಂದವನು ಅವನೇ. ಟಿವಿಯ ಸ್ವಂತ ಧ್ವನಿ ಅವನ ಪ್ರತಿಷ್ಠೆಗೆ ಸಾಲದಾಯಿತು.

ಒಳಕೋಣೆಯಲ್ಲಿ ನೇಯುತ್ತಿದ್ದವಳು ನೀಲತ್ತೆ, ಅವನ ತಂಗಿ, ನನ್ನ ತಂದೆಯ ಅಕ್ಕ. ಮದುವೆಯಾದ ನಾಲ್ಕನೆಯ ವರ್ಷ ಗಂಡ ತೀರಿಕೊಂಡು ತವರಿಗೆ ಬಂದವಳು. ಅವಳ ಹತ್ತಿರ ಗೇಣುದ್ದದ ಒಂದು ಟೇಪ್ ರೆಕಾರ್ಡರ್ ಇತ್ತು, ಒಂದೇ ಒಂದು ಕ್ಯಾಸೆಟ್ ಇತ್ತು. ಅದರಲ್ಲಿ ಅವಳ ಗಂಡ ಭಜನೆಯ ಮೇಳದಲ್ಲಿ ಹಾಡಿದ ಎರಡು ಪದ. ಸೆರಗಿನ ನೂಲನ್ನು ಒಡಲಿನ ನೂಲಿಗೆ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವಾಗ ಮಗ್ಗ ಸುಮ್ಮನಿರುತ್ತದೆ. ಆ ಹೊತ್ತಿನಲ್ಲಿ ಮಾತ್ರ ಅವಳು ಅದನ್ನು ಹಚ್ಚುತ್ತಿದ್ದಳು, ಪಕ್ಕದಲ್ಲಿ ಕೂತರಷ್ಟೇ ಕೇಳುವಷ್ಟು ಸಣ್ಣಗೆ. ಪದ ಶುರುವಾಗುವ ಮೊದಲು ಮಾವ ಒಂದು ಸಲ ಕೆಮ್ಮುತ್ತಿದ್ದರು. ಆ ಕೆಮ್ಮು ಬಂದಾಗ ಅತ್ತೆಯ ಬೆರಳು ನೂಲಿನ ಮೇಲೆ ನಿಲ್ಲುತ್ತಿತ್ತು, ತುಟಿಯ ಒಂದು ಮೂಲೆ ಮೇಲಕ್ಕೆ ಹೋಗುತ್ತಿತ್ತು. ಹೋದ ಗಂಡನ ಫೋಟೋ ಕೂಡ ಇಲ್ಲದ ಹೆಂಗಸಿಗೆ ಉಳಿದಿದ್ದ ಸಂಸಾರ ಅಷ್ಟೇ.

ದೊಡ್ಡಪ್ಪನಿಗೆ ಒಳಕೋಣೆ ಬೇಕಾಯಿತು, ಹೊಸ ಸ್ಪೀಕರ್ ಸೆಟ್ ಇಟ್ಟು ವಿಡಿಯೋ ನೋಡಲು. "ಕಣ್ಣು ಹೋಗ್ಲಿಕ್ಕತ್ಯಾವು, ಇನ್ನ ಎಷ್ಟ ದಿನಾ ನೇಯ್ತಿ? ಕುಂತು ಉಣ್ಣು," ಎಂದ. ಅತ್ತೆ ವಾದ ಮಾಡಲಿಲ್ಲ. "ಮಗ್ಗಾ ಬಿಚ್ಚಸಣ್ಣಾ. ಆದ್ರ ಮುಂಜಾನಿ ಒಂದ್ ತಾಸು ಹೊಸಾ ಮಿಷನ್‌ದಾಗ ನನ್ನ ಕ್ಯಾಸೆಟ್ ಹಚ್ಚಬೇಕು. ಮಿಷನ್ ತರೂಮುಂದ ನಾನೂ ಬರ್ತೇನಿ," ಎಂದಳು. ಅವನು ಒಪ್ಪಿದ. ಒಪ್ಪುವುದಕ್ಕೆ ಖರ್ಚಿಲ್ಲ.

ನಾವು ಮೂವರು ಬಸ್ಸಿನಲ್ಲಿ ಹೋದೆವು. ನಾನು ಹತ್ತು ವರ್ಷದವಳೋ ಹನ್ನೊಂದರವಳೋ. ಅತ್ತೆ ಕೈಚೀಲದಲ್ಲಿ ತನ್ನ ಹಳೆಯ ಟೇಪನ್ನು ಹೊತ್ತು ತಂದಿದ್ದಳು, ಹೋಲಿಸಿ ನೋಡಲು. ಅಮೀನಗಡದಲ್ಲಿ ಬಸ್ಸು ನಿಂತಾಗ ದೊಡ್ಡಪ್ಪ ನನಗೆ ಕರದಂಟು ಕೊಡಿಸಿದ. ಇದು ಹೋಗುವಾಗಲೋ ಬರುವಾಗಲೋ ಎಂಬುದನ್ನು ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ. ಹೋಗುವಾಗ ಆಗಿದ್ದರೆ ಅದು ಲಂಚ, ಬರುವಾಗ ಆಗಿದ್ದರೆ ಕೂಲಿ. ಬೆಲ್ಲದಲ್ಲಿ ಅಂಟಿಕೊಂಡ ಹಲ್ಲು ನೆನಪಿದೆ, ದಿಕ್ಕು ನೆನಪಿಲ್ಲ.

ಅಂಗಡಿಯಲ್ಲಿ ಎರಡು ಜೋಡಿ ಸ್ಪೀಕರ್ ಇದ್ದವು. ಒಂದು ಸಣ್ಣ ಮರದ ಪೆಟ್ಟಿಗೆಗಳದು, ಮುಂದೆ ಮಾಸಲು ಬಟ್ಟೆ. ಇನ್ನೊಂದು ನನ್ನ ಎದೆಯೆತ್ತರದ್ದು, ಅದರ ಆಂಪ್ಲಿಫೈಯರಿನ ಮುಖದ ಮೇಲೆ ಕೆಂಪು ಹಸಿರು ದೀಪಗಳು ಹಾಡಿನ ಜೊತೆ ಏರಿ ಇಳಿಯುತ್ತಿದ್ದವು. ಅಂಗಡಿಯವನು ದೊಡ್ಡದಕ್ಕೆ ಸಿನಿಮಾದ ಹೊಡೆದಾಟ ಹಚ್ಚಿದ. ಕಪಾಟಿನ ಗಾಜು ನಡುಗಿತು. ದೊಡ್ಡಪ್ಪ ಗಾಜನ್ನು ನೋಡಿ ತಲೆ ತೂಗಿದ. ಕಿವಿಯ ಕೆಲಸವನ್ನು ಗಾಜಿಗೆ ವಹಿಸುವ ಜನ ಅಂದಿಗೂ ಇದ್ದರು, ಇಂದಿಗೂ ಕಡಿಮೆಯಾಗಿಲ್ಲ.

"ಅಣ್ಣಾರ, ಸ್ವಲ್ಪ ಸಣ್ಣಗ ಮಾಡ್ರಿ," ಎಂದಳು ಅತ್ತೆ ಅಂಗಡಿಯವನಿಗೆ.

"ಸಣ್ಣಗ ಕೇಳಾಕ ಇಷ್ಟು ದೊಡ್ಡದು ಯಾಕ ಬೇಕ್ರಿ ಅಕ್ಕಾರ?"

"ಜೋರ್ ಮಾಡಿದ್ರ ಎಲ್ಲಾ ಚಲೋನ ಕೇಳ್ತಾವ್ರಿ. ಸಣ್ಣಗ ಮಾಡಿದಾಗ ಹಾಡಾವ್ರ ಉಸುರು ಕೇಳ್ಬೇಕು."

ಅವಳು ತನ್ನ ಕ್ಯಾಸೆಟ್ಟನ್ನು ಮೊದಲು ಹಳೆಯ ಟೇಪಿನಲ್ಲಿ, ಆಮೇಲೆ ಎರಡೂ ಜೋಡಿಗಳಲ್ಲಿ ಹಚ್ಚಿಸಿದಳು. ಕಣ್ಣು ಮುಚ್ಚಿ ಕೇಳಿ ಸಣ್ಣ ಪೆಟ್ಟಿಗೆಗಳ ಕಡೆ ಕೈ ತೋರಿದಳು. ಲಾಳಿಯ ಗದ್ದಲದ ನಡುವೆ ಒಂದು ಎಳೆ ಹರಿದರೆ ಕೇಳಿಸಿಕೊಂಡು ಮಗ್ಗ ನಿಲ್ಲಿಸುತ್ತಿದ್ದ ಕಿವಿ ಅದು. ದೊಡ್ಡಪ್ಪ ಏನು ಮಾಡಿದ ಗೊತ್ತೆ? ಎದ್ದು ಹೋಗಿ ಎರಡು ಪೆಟ್ಟಿಗೆಗಳನ್ನೂ ಸೀರೆಯ ಗಂಟಿನಂತೆ ಎತ್ತಿ ನೋಡಿದ. ಸಣ್ಣದು ಒಂದು ಕೈಗೆ ಬಂತು. ದೊಡ್ಡದಕ್ಕೆ ಸೊಂಟ ಬಗ್ಗಿಸಿ ಏದುಸಿರು ಬಿಟ್ಟ. "ತೂಕ ನೋಡಲೇ ನೀಲಾ! ಮಾಲು ಖರೆ ಐತಿ!" ಎಂದು ನನ್ನ ಕಡೆ ತಿರುಗಿದ. "ನೀ ಹೇಳವಾ, ಸಾಲಿ ಕಲ್ತಾಕಿ. ಯಾವ್ದು ಚಲೋ?"

ಅತ್ತೆಯೂ ನನ್ನನ್ನು ನೋಡಿದಳು. ಮನೆಯ ಒಳಕೋಣೆಯಲ್ಲಿ ಅವಳ ಪಕ್ಕದಲ್ಲಿ ಕೂತು ಕೇಳಿದವಳು ನಾನೊಬ್ಬಳೇ.

"ದೀಪಾ ಇದ್ದಿದ್ದು," ಎಂದೆ.

ಅಂಗಡಿಯವನು ಹಳೆಯದನ್ನು ಕೊಟ್ಟರೆ ಬೆಲೆಯಲ್ಲಿ ಬಿಡುವೆನೆಂದ. ದೊಡ್ಡಪ್ಪ ಅತ್ತೆಯ ಕೈಚೀಲಕ್ಕೇ ಕೈ ಹಾಕಿ ಟೇಪು ತೆಗೆದುಕೊಟ್ಟ. ಕ್ಯಾಸೆಟ್ಟನ್ನು ಅವಳು ಮೊದಲೇ ಸೆರಗಿನಲ್ಲಿ ಗಂಟು ಹಾಕಿಕೊಂಡಿದ್ದಳು.

ಮನೆಯಲ್ಲಿ ಮಗ್ಗ ಬಿಚ್ಚಿದರೂ ಕುಣಿ ಮುಚ್ಚಲಿಲ್ಲ. ನೇಯುವ ಕೈ ಬದುಕಿರುವಾಗ ಕುಣಿಗೆ ಮಣ್ಣು ಹಾಕಬಾರದೆಂದು ನಮ್ಮ ಅಜ್ಜಿಯ ಕಾಲದ ಮಾತು. ದೊಡ್ಡಪ್ಪನಿಗೆ ಶಾಸ್ತ್ರವೂ ಉಳಿಯಬೇಕು, ಜಾಗವೂ ಉಳಿಯಬೇಕು. ಸ್ಪೀಕರುಗಳಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಎರಡನ್ನೂ ಕುಣಿಯೊಳಗೆ ಇಳಿಸಿದ. ಅತ್ತೆ ಮದುವೆಗೆ ಮೊದಲೂ ಆಮೇಲೂ ಸೇರಿ ಇಪ್ಪತ್ತು ವರ್ಷ ಕಾಲಾಡಿಸಿದ ಆ ಕುಣಿಯಿಂದ ಆ ದಿನ ಹೊರಟದ್ದು ಗುಡುಗು. ಓಣಿಯ ಗಂಡಸರು ನೆಲಕ್ಕೆ ಅಂಗೈ ಊರಿ, ನಡುಕವನ್ನು ಅನುಭವಿಸಿ, "ಏನ್ ಎಫೆಕ್ಟ್ ಐತ್ರಿ ಸಾವ್ಕಾರ!" ಎಂದರು. ಆ ನೆಲದ ಮೇಲೆ ತಯಾರಾದ ಸೀರೆಗಳನ್ನು ಅವರಲ್ಲಿ ಒಬ್ಬನಾದರೂ ಹೀಗೆ ಮುಟ್ಟಿ ನೋಡಿರಲಿಲ್ಲ.

ಮರುದಿನ ಮುಂಜಾನೆ ಅತ್ತೆ ಸ್ನಾನ ಮಾಡಿ ಬಂದು ಕುಣಿಯ ಅಂಚಿನಲ್ಲಿ, ತನ್ನ ಹಳೆಯ ಜಾಗದಲ್ಲಿಯೇ ಕೂತಳು. ನಾನು ಹೊಸ ಸೆಟ್ಟಿನ ಡೆಕ್ಕಿಗೆ ಕ್ಯಾಸೆಟ್ ಹಾಕಿದೆ. ತಬಲಾದ ಡಗ್ಗಾ ಮಾತ್ರ ಗುಂಯ್ ಎನ್ನುತ್ತಿತ್ತು. ಅದರ ಕೆಳಗೆಲ್ಲೋ ಒಬ್ಬ ಗಂಡಸು ಬಾವಿಗೆ ಬಿದ್ದು ಕೂಗುತ್ತಿದ್ದಂತಿತ್ತು. ಸಣ್ಣಗೆ ಮಾಡಿದೆ; ಆಗ ಅದೂ ಹೋಯಿತು. ದೀಪಗಳು ಕುಣಿಯುತ್ತಲೇ ಇದ್ದವು. ಪದ ಮುಗಿಯುವವರೆಗೆ ಅತ್ತೆ ಅಲುಗಲಿಲ್ಲ.

"ಇವ್ರ್ಯಾರವಾ?" ಎಂದಳು.

ಅವಳು ಕ್ಯಾಸೆಟ್ ತೆಗೆದು ಒರೆಸಿ, ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟಳು. ಆಮೇಲೆ ಹಚ್ಚು ಎಂದು ಯಾರನ್ನೂ ಕೇಳಲಿಲ್ಲ. ಒಂದು ತಾಸಿನ ಕರಾರು ಇದ್ದದ್ದೂ ನೆನಪಾಗದಂತೆ ಆ ತಾಸಿನಲ್ಲೂ ಸಿನಿಮಾ ನಡೆಯತೊಡಗಿತು.

ಎರಡು ಮಳೆಗಾಲಕ್ಕೆ ಕುಣಿಯ ತೇವ ಕುಡಿದು ಪೆಟ್ಟಿಗೆಗಳು ಉಬ್ಬಿ ಬಾಯಿಬಿಟ್ಟವು. ಎತ್ತುವಾಗ ಒಂದರ ತಳ ಕಳಚಿ ಒಳಗಿಂದ ಚಪ್ಪಡಿ ಕಲ್ಲಿನ ತುಂಡೊಂದು ದಡ್ ಎಂದು ಬಿತ್ತು. ಭಾರಕ್ಕೆಂದು ಅಂಟಿಸಿದ್ದ ಕೆಂಪು ಕಲ್ಲು, ನಮ್ಮ ಇಳಕಲ್ಲಿನದೇ ಕಲ್ಲು, ಒಂದು ಮೈ ಪಾಲಿಶ್ ಮಾಡಿದ್ದು. ಗಂಜಿ ಕುಡಿಸಿ ಮಾರುವವನಿಗೆ ಕಲ್ಲು ತುಂಬಿ ಮಾರಿದ್ದರು. ದೊಡ್ಡಪ್ಪ ಅದನ್ನು ಬಹಳ ಹೊತ್ತು ನೋಡಿ, ಬಚ್ಚಲಿನಲ್ಲಿ ಕಾಲು ತಿಕ್ಕಲು ಆಗ್ತೈತಿ ಎಂದ. ಅತ್ತೆ ಆಗ ನಕ್ಕಳೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಕಥೆಗೆ ಆ ನಗು ಚೆನ್ನಾಗಿ ಹೊಂದುತ್ತದೆ, ಅದಕ್ಕೇ ನನಗೆ ಅದರ ಮೇಲೆ ನಂಬಿಕೆಯಿಲ್ಲ.

ಈಗ ದೊಡ್ಡಪ್ಪನಿಲ್ಲ, ಅತ್ತೆಯಿಲ್ಲ, ಕುಣಿಗೆ ಮಣ್ಣು ಬಿದ್ದು ಅದರ ಮೇಲೆ ಬೇರೆಯವರ ಅಂಗಡಿ ಎದ್ದಿದೆ. ಟ್ರಂಕಿನ ಕ್ಯಾಸೆಟ್ ನನ್ನ ಪಾಲಿಗೆ ಬಂತು. ಅದನ್ನು ಬಲ್ಲವರ ಹತ್ತಿರ ಫೋನಿಗೆ ಇಳಿಸಿಕೊಂಡು ಮೊನ್ನೆ ಆ ಸ್ಪೀಕರ್ ಅಂಗಡಿಗೆ ಒಯ್ದಿದ್ದೆ. ಸಣ್ಣಗೆ ಹಚ್ಚಿ ಎಂದೆ. ಮಾರುವವನು ವಿಚಿತ್ರವಾಗಿ ನೋಡಿ ಹಚ್ಚಿದ. ಟೇಪಿನ ಸರಬರ, ಯಾರೋ ತಾಳ ನೆಲಕ್ಕಿಟ್ಟ ಸದ್ದು, ಪದ ಎತ್ತಿಕೊಳ್ಳುವ ಮೊದಲಿನ ಉಸಿರು, ಎಲ್ಲವೂ ಸ್ಪಷ್ಟವಾಗಿ ಬಂದವು. ಕೆಮ್ಮು ಬರಲಿಲ್ಲ. ಮತ್ತೆ ಮೊದಲಿನಿಂದ ಮೂರು ಸಲ ಹಚ್ಚಿಸಿದೆ. ಟೇಪು ಅಲ್ಲಿಯೇ ಸವೆದು ಹೋಗಿರಬಹುದು. ಅಥವಾ ಅದು ಅಲ್ಲಿ ಇರಲೇ ಇಲ್ಲವೇನೋ. ಆ ಕೆಮ್ಮನ್ನು ನಾನು ಎಂದಾದರೂ ಕೇಳಿದ್ದೆನೋ, ಅತ್ತೆಯ ಮುಖವನ್ನಷ್ಟೇ ನೋಡಿದ್ದೆನೋ, ನನಗೆ ಗೊತ್ತಿಲ್ಲ.