ಇಲ್ಲದ ತೀರ್ಪಿನ ಬೆನ್ನು ಹತ್ತಿದ ಐಲಾ

ಐಲಾ ಕೆಟ್ಟುನೆನ್ ಇಪ್ಪತ್ತಾರು ವರ್ಷ ಒಬ್ಬರೇ ವಕೀಲರ ಬಳಿ ಗುಮಾಸ್ತೆಯಾಗಿದ್ದವಳು. ವಕೀಲರ ಹೆಸರು ರಾಸ್ ಪೆಲ್ಕಿ. ನಮ್ಮ ಥಂಡರ್ ಬೇ ಊರಿನ ಬೇ ಸ್ಟ್ರೀಟ್‌ನಲ್ಲಿ, ಬೇಕರಿಯ ಮೇಲಿನ ಎರಡು ಕೋಣೆಗಳೇ ಅವರ ಕಚೇರಿ. ತಿಂಗಳಿಗೊಮ್ಮೆ ಕಕ್ಷಿದಾರರಿಗೆಲ್ಲ ಎರಡು ಪುಟದ ಕಾನೂನು ಸಮಾಚಾರ ಹೋಗುತ್ತಿತ್ತು. ಯಾವ ಕಾಯ್ದೆ ಬದಲಾಯಿತು, ಯಾವ ನ್ಯಾಯಾಲಯ ಏನು ಹೇಳಿತು ಎಂದು ರಾಸ್ ಬರೆಯುತ್ತಿದ್ದರು. ಐಲಾ ಅಕ್ಷರ ತಿದ್ದಿ ಕಳಿಸುತ್ತಿದ್ದಳು.

ಆ ಚಳಿಗಾಲದಲ್ಲಿ ಅವಳಿಗೆ ಅನುಮಾನ ಶುರುವಾಯಿತು. ಕರಡಿನ ಅಂಚಿನಲ್ಲಿ ರಾಸ್ ಪೆನ್ಸಿಲಿನಲ್ಲಿ ಗೀಚುವುದು ನಿಂತಿತ್ತು. ಬಂದ ಪತ್ರಗಳನ್ನು, ಗಂಟಲು ಸರಿಯಿಲ್ಲವೆಂದು, ಅವಳಿಂದಲೇ ಓದಿಸುತ್ತಿದ್ದರು. ಮನಸ್ಸಿನಲ್ಲೇ ಓದಿಕೊಳ್ಳುವುದಕ್ಕೆ ಗಂಟಲೇಕೆ ಬೇಕು ಎಂದು ಅವಳು ಯೋಚಿಸಿದಳು. ಮಂಗಳವಾರ ಮಧ್ಯಾಹ್ನ ಎಲ್ಲಿಗೋ ಹೋಗುತ್ತಿದ್ದರು. ಎಲ್ಲಿಗೆಂದು ಹೇಳುತ್ತಿರಲಿಲ್ಲ.

ಶನಿವಾರ ಸೌನಾದ ಬಿಸಿ ಹಬೆಯಲ್ಲಿ ಕೂತು ಅಕ್ಕ ಮಾರ್ಯಾಳಿಗೆ ಇದನ್ನೆಲ್ಲ ಹೇಳಿದಳು.

"ಮುದುಕ ಕಚೇರಿ ಮಾರ್ತಿದಾನೆ ಕಣೇ," ಎಂದಳು ಮಾರ್ಯಾ. "ಊರಿಗೆಲ್ಲ ಗೊತ್ತಾದ್ಮೇಲೆ ನಿಂಗೆ ಹೇಳ್ತಾನೆ. ಅಲ್ಲೀವರೆಗೂ ಕಾಫಿ ಮಾಡ್ಕೊಡ್ತಾ ಇರು."

ಐಲಾ ಅದನ್ನೇ ನಂಬಿದಳು. ಸೋಮವಾರದಿಂದ ರಾಸ್ ಫೋನೆತ್ತಿದಾಗಲೆಲ್ಲ ಅವಳು ಟೈಪ್ ಮಾಡುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದಳು.

ಫೆಬ್ರವರಿಯ ಸಮಾಚಾರ ಹೋದ ಮರುವಾರ ಡೆನಿಸ್ ಬುಶಾರ್ ಫೋನ್ ಮಾಡಿದ. ಬಂದರಿನ ಧಾನ್ಯದ ಉಗ್ರಾಣದಲ್ಲಿ ಕೆಲಸ ಕಳೆದುಕೊಂಡವನು. ಅವನ ಮೊಕದ್ದಮೆ ರಾಸ್ ಕೈಯಲ್ಲೇ ಇತ್ತು, ವಿಚಾರಣೆ ಬರುವ ಗುರುವಾರ.

"ನೀವು ಕಳ್ಸಿರೋ ಸಮಾಚಾರ ಓದ್ದೆ ಮೇಡಂ. ಕಾರಣ ಬರೆದು ಕೊಡದೆ ಕೆಲಸದಿಂದ ತೆಗೆದ್ರೆ ಎರಡು ಪಟ್ಟು ಪರಿಹಾರ ಅಂತ ತೀರ್ಪು ಬಂದಿದೆಯಂತಲ್ಲ, ಅದರದ್ದೊಂದು ಪ್ರತಿ ಕಳಿಸ್ತೀರಾ? ಹೆಂಡ್ತಿ ನಂಬ್ತಿಲ್ಲ."

ಐಲಾ ತೀರ್ಪುಗಳ ಜಾಲತಾಣದಲ್ಲಿ ಅದರ ಸಂಖ್ಯೆ ಹಾಕಿ ಹುಡುಕಿದಳು. ಮೀನು ಹಿಡಿಯುವ ಕೆರೆಯ ಬೇಲಿಗಾಗಿ ಜಗಳವಾಡಿದ ಇಬ್ಬರು ಅಣ್ಣತಮ್ಮಂದಿರ ಪ್ರಕರಣ ಬಂತು. ಹೆಸರು ಹಾಕಿ ಹುಡುಕಿದಳು. ಏನೂ ಇಲ್ಲ. ಡೆನಿಸ್ ಪರವಾಗಿ ನ್ಯಾಯಾಲಯಕ್ಕೆ ಆಗಲೇ ಸಲ್ಲಿಸಿದ್ದ ವಾದಪತ್ರ ತೆಗೆದಳು. ಅದೇ ತೀರ್ಪು ಅಲ್ಲೂ ಇತ್ತು, ಜೊತೆಗೆ ಇನ್ನೂ ಎರಡು. ಆ ಎರಡೂ ಎಲ್ಲೂ ಸಿಗಲಿಲ್ಲ.

ಕಾಗದ ಹಿಡಿದು ಒಳಗೆ ಹೋದಳು.

"ರಾಸ್, ಇದನ್ನ ಎಲ್ಲಿ ಓದಿದ್ರಿ?"

"ಎಲ್ಲೋ ಓದಿದೀನಿ ಬಿಡು. ಸಂಖ್ಯೆ ತಪ್ಪಿರಬೇಕು."

"ಸರಿ, ಈ ಸಾಲು ಓದಿ ನೋಡೋಣ."

ಅವರು ಕಾಗದ ಇಸಿದುಕೊಂಡು ಕತ್ತು ಓರೆ ಮಾಡಿದರು. ಓದಲಿಲ್ಲ. ಅವಳೂ ಬಿಟ್ಟುಕೊಡದೆ ನಿಂತೇ ಇದ್ದಳು.

"ಕಣ್ಣಿನ ನಡುಭಾಗ ಹೋಗಿದೆ ಐಲಾ," ಎಂದರು ಕೊನೆಗೆ. "ನಿನ್ನ ಕಡೆ ನೋಡಿದ್ರೆ ಕಿವಿ ಕಾಣುತ್ತೆ, ಮೂಗು ಕಾಣಲ್ಲ. ಮಂಗಳವಾರ ಕಣ್ಣಿಗೆ ಸೂಜಿ ಚುಚ್ಚಿಸ್ಕೊಳ್ಳೋಕೆ ಹೋಗ್ತೀನಿ. ಏನು ಬರೀಬೇಕು ಅಂತ ಕಂಪ್ಯೂಟರಿನ ಕೃತಕ ಬುದ್ಧಿಗೆ ಹೇಳ್ತಿದ್ದೆ. ಅದೇ ಬರೆದು ಕೊಡ್ತಿತ್ತು."

"ತೀರ್ಪುಗಳನ್ನೂ ಅದೇ ಹುಟ್ಟಿಸ್ತಾ?"

ರಾಸ್ ಕಾಗದವನ್ನು ಅವಳಿಗೇ ವಾಪಸ್ ಚಾಚಿದರು.

ಐಲಾಳಿಗೆ ಮರುಕಕ್ಕಿಂತ ಮೊದಲು ಸಿಟ್ಟು ಬಂತು. "ನಂಗೆ ಹೇಳಿದ್ರೆ ಓದಿ ಹೇಳ್ತಿರಲಿಲ್ವಾ? ಈಗಲೇ ನ್ಯಾಯಾಧೀಶರಿಗೆ ಬರೀರಿ. ನೀವು ಹೇಳಿ, ನಾನು ಟೈಪ್ ಮಾಡ್ತೀನಿ. ಡೆನಿಸ್‌ಗೂ ನೀವೇ ಹೇಳ್ಬೇಕು."

ಗುರುವಾರ ತುಂಬಿದ ನ್ಯಾಯಾಲಯದಲ್ಲಿ ನ್ಯಾಯಾಧೀಶೆ ರಾಸ್‌ರನ್ನು ಖಾರವಾಗಿಯೇ ತರಾಟೆಗೆ ತೆಗೆದುಕೊಂಡರು. ತಾವಾಗಿಯೇ ತಪ್ಪು ಒಪ್ಪಿಕೊಂಡರೆಂದು ಹೊಸ ವಾದಪತ್ರಕ್ಕೆ ಮೂರು ವಾರ ಕೊಟ್ಟರು. ಅದನ್ನು ಬೇರೆ ವಕೀಲರು ಬರೆದರು. ಅದರಲ್ಲಿದ್ದ ಪ್ರತಿಯೊಂದು ತೀರ್ಪನ್ನೂ ಐಲಾ ತಾನೇ ತೆಗೆದು ಕೊನೆಯ ಪುಟದವರೆಗೆ ಓದಿದಳು. ಡೆನಿಸ್‌ಗೆ ಪರಿಹಾರ ಸಿಕ್ಕಿತು, ಆಸೆಪಟ್ಟಷ್ಟಲ್ಲ. ಮಾರ್ಚ್ ಸಮಾಚಾರದ ಮೊದಲ ಸುದ್ದಿ ಕಚೇರಿಯದೇ ತಪ್ಪೊಪ್ಪಿಗೆಯಾಗಿತ್ತು. ಜೂನ್‌ನಲ್ಲಿ ರಾಸ್ ವಕೀಲಿಕೆಯ ಸನ್ನದು ಒಪ್ಪಿಸಿ ಕಚೇರಿಯ ಬಾಗಿಲು ಮುಚ್ಚಿದರು.

ಕೊನೆಯ ದಿನ ಕಡತಗಳನ್ನು ಕಟ್ಟುವಾಗ ಐಲಾ ಕೇಳಿದಳು: "ನಿಜ ಹೇಳಿ. ಕಾಣ್ತಿರಲಿಲ್ವೋ, ನೋಡೋಕೆ ಮನಸ್ಸಿರಲಿಲ್ವೋ?"

"ಎರಡೂ," ಎಂದರು ರಾಸ್.

ಅವಳು ಈಗ ಬಡವರಿಗೆ ಉಚಿತವಾಗಿ ಕಾನೂನು ನೆರವು ಕೊಡುವ ಕೇಂದ್ರದಲ್ಲಿದ್ದಾಳೆ. ಅಲ್ಲಿನ ವಕೀಲರು ಅವಳ ಮೇಜಿನ ಮೇಲೆ ಕಾಗದ ಇಡಲು ಸ್ವಲ್ಪ ಹೆದರುತ್ತಾರೆ.