ಇಟ್ಟಿಗೆ ಸೇತುವೆಯ ಆಚೆ ಎತ್ತಿ ನಿಂತ ಗೇಟು

ಹರಪನಹಳ್ಳಿಯಲ್ಲಿ ಬೆಳಿಗ್ಗೆ ಏಳೂವರೆಯ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಉಚಿತ, ಆಧಾರ್ ತೋರಿಸಿದರಾಯಿತು. ಕೊಟ್ಟೂರಿನಲ್ಲಿ ಇಳಿದು ಮಂಡಕ್ಕಿ, ಎರಡು ಮಿರ್ಚಿ ತಿಂದು ಹಗರಿಬೊಮ್ಮನಹಳ್ಳಿ ಕಡೆಯ ಆಟೊ ಹಿಡಿದೆ. ಮೂವತ್ತು ರೂಪಾಯಿ. ಹಳ್ಳದ ಮೇಲಿನ ಹಳೆಯ ರೈಲು ಸೇತುವೆ ನೋಡಬೇಕೆಂದಾಗ ಚಾಲಕ ಕನ್ನಡಿಯಲ್ಲಿ ನನ್ನ ಮುಖ ನೋಡಿದ.

“ಸರ್ವೇದವ್ರೇನ್ರಿ?”

“ಅಲ್ಲಪ್ಪ, ಸುಮ್ನೆ ನೋಡಾಕೆ.”

“ಅದನ್ನ ಸುಮ್ನ ಯಾರ್ ನೋಡ್ತಾರ್ರಿ!” ಎಂದ. ನಂಬಿದಂತೆ ಕಾಣಲಿಲ್ಲ.

ಐದು ಕಮಾನುಗಳ ಸೇತುವೆ ಅದು. ಗಾರೆ ಅಲ್ಲಲ್ಲಿ ಉದುರಿದ್ದರೂ ಇಟ್ಟಿಗೆ ಇನ್ನೂ ಕೆಂಪಗಿತ್ತು. ಹಿಂದಿನ ದಿನದ ಮಳೆಗೆ ಹಳ್ಳದಲ್ಲಿ ಸೊಂಟದ ಮಟ್ಟ ಕೆಸರು ನೀರು ಹರಿಯುತ್ತಿತ್ತು. ದಡದ ಕಡೆಯ ಒಣ ಕಮಾನಿನ ಕೆಳಗೆ ಸಾದಾ ಅಂಗಿಯ ಒಬ್ಬ ಮನುಷ್ಯ ಸುತ್ತಿಗೆಯಿಂದ ಇಟ್ಟಿಗೆ ಬಡಿಯುತ್ತಿದ್ದ. ಹಳೆಯ ಇಟ್ಟಿಗೆಗೆ ಒಳ್ಳೆಯ ಬೆಲೆ ಇದೆ. ಕಳ್ಳನೇ ಇರಬೇಕೆಂದು ಮರೆಯಿಂದ ಫೋಟೋ ತೆಗೆದೆ. ಅವನು ತಿರುಗಿದ.

“ಫೋಟೋ ಯಾಕ್ರಿ?”

“ನೀವ್ಯಾಕೆ ಬಡೀತಿದ್ದೀರಿ?”

“ಪೊಳ್ಳು ಅದಾವೇನಂತ ನೋಡಾಕ. ರೈಲ್ವೆ ಗ್ಯಾಂಗ್‌ಮನ್ ಅದೀನ್ರಿ. ಸೆಖಿ ಅಂತ ಜಾಕೀಟು ಚೀಲದಾಗಿಟ್ಟೀನಿ. ಮ್ಯಾಲ ಮಾತ್ರ ಹತ್ತಬ್ಯಾಡ್ರಿ, ಹಳಿಗೆ ಜಲ್ಲಿ ತರೂ ಗಾಡಿ ಬರೂದೈತಿ. ಅದಕ್ಕ ಗೊತ್ತಾದ ಟೈಮಿಲ್ಲ.”

ನನ್ನನ್ನು ಓಡಿಸುವ ಉಪಾಯವೆಂದುಕೊಂಡೆ. ಇಂದಿಗೂ ಮೊದಲು ನೆನಪಾಗುವುದು ಈ ತಪ್ಪೇ.

ದಡದ ಮೇಲೆ ಬೀರಪ್ಪನೆಂಬ ಕುರಿಗಾರ ಸಿಕ್ಕ. ಕೇಳದೆಯೇ ಮಜ್ಜಿಗೆ ಕೊಟ್ಟ. ಐದು ತಿಂಗಳು ಕಾಲುವೆ ಕಡೆಯ ಗದ್ದೆಗಳಲ್ಲಿ ಕುರಿ ಮೇಯಿಸಿ ಆಗಷ್ಟೇ ಮರಳಿದ್ದ. ಆಚೆ ದಡದಲ್ಲಿ, ಎರಡು ಫರ್ಲಾಂಗು ದೂರದ ರೈಲ್ವೆ ಗೇಟಿನ ಕಡೆ ಕೋಲು ತೋರಿಸಿದ.

“ಗೇಟಿನ ಕಂಬ ಮ್ಯಾಲೈತಿ ನೋಡವ್ವ. ಗಾಡಿ ಬರೂದಿದ್ರ ಇಳಸ್ತಾರ. ನಮ್ಮಪ್ಪನ ಕಾಲದಿಂದ ಹಿಂಗ ದಾಟೂದು. ಬಾ.”

ಮಜ್ಜಿಗೆ ಕೊಟ್ಟವನನ್ನು ನಂಬಿದೆ.

ಸೇತುವೆಯ ನಡುವೆ ಇದ್ದೆವು. ಹಿಂದೆ ನೂರೈವತ್ತು ಕುರಿ. ಜಾಲಿಯ ಮರೆಯ ತಿರುವಿನಿಂದ ಹಾರ್ನ್ ಕೇಳಿಸಿತು. ಕಂಬ ಎತ್ತಿದಂತೆಯೇ ಇತ್ತು, ಅದರ ಪಕ್ಕದಿಂದಲೇ ಎಂಜಿನ್ ಬಂತು.

“ಗೇಟು ತೆರದೈತಲ್ಲೋ!” ಎಂದು ಬೀರಪ್ಪ ಎಂಜಿನ್ನನ್ನೇ ಬೈದ. ಓಡಲಿಲ್ಲ. ಕುರಿಗಳ ಮುಂದೆ ನಿಂತು ಕಂಬಳಿ ಬೀಸತೊಡಗಿದ. ಗಾಡಿ ಬಂದಾಗ ಕೆಲಸಗಾರರು ನಿಲ್ಲಲೆಂದು ಪಕ್ಕಕ್ಕೆ ಚಾಚಿದ್ದ ಪುಟ್ಟ ಕಬ್ಬಿಣದ ಜಗಲಿಗೆ ನಾನು ಹಾರಿದೆ. ಕಾಲಡಿಯ ಸಂದಿಯಲ್ಲಿ ನೀರು ಕಾಣುತ್ತಿತ್ತು. ನಾನು ಕಳ್ಳನೆಂದುಕೊಂಡಿದ್ದವನು ಕೆಂಪು ಬಾವುಟ ಹಿಡಿದು ನನ್ನನ್ನು ದಾಟಿ ಎಂಜಿನ್‌ಗೆ ಎದುರಾಗಿ ಓಡಿದ. ಬ್ರೇಕಿನ ಕಿರುಚು ಈಗಲೂ ನಿದ್ದೆಯಲ್ಲಿ ಕೇಳುತ್ತದೆ. ಸೇತುವೆಯ ಆಚೆ ತುದಿಯಲ್ಲಿ ಎಂಜಿನ್ ನಿಂತಿತು.

“ಸಾಯಾಕ ಬೇರೆ ಜಾಗ ಸಿಗಲಿಲ್ಲೇನ್ರಿ?” ಎಂದ ಅದರ ಚಾಲಕ. ಕುರಿಗಳನ್ನು ದಡಕ್ಕೆ ಹಿಂದಿರುಗಿಸಿ ಗಾಡಿಗೆ ದಾರಿ ಬಿಟ್ಟೆವು.

ಗಾಡಿ ಹೋದ ಮೇಲೆ ಗ್ಯಾಂಗ್‌ಮನ್ ಹೇಳಿದ: “ಯಜಮಾನ, ಆ ಗೇಟು ಬಂದ್ ಮಾಡಿ ನಾಕು ತಿಂಗಳಾತು. ಕೆಳಗ ಅಂಡರ್‌ಪಾಸ್ ಆಗೈತಿ. ಕಂಬ ಮ್ಯಾಲೆತ್ತಿ ತಂತಿ ಬಿಗದು ಹೋಗ್ಯಾರ, ಅಲ್ಲಿ ಮನಷ್ಯಾರೇ ಇಲ್ಲ.”

“ಯಾರೂ ಹೇಳಲಿಲ್ವಾ?” ಎಂದು ಬೀರಪ್ಪನನ್ನು ಅನುಮಾನದಿಂದಲೇ ಕೇಳಿದೆ.

“ಕೇಳಿದ್ರ ಹೇಳ್ತಾರವ್ವ. ತೆರದ ಗೇಟು ನೋಡಿ ಏನಂತ ಕೇಳ್ಲಿ?” ಎಂದವನು ತಟ್ಟನೆ ಗೇಟಿನ ಕಡೆ ತಿರುಗಿದ. “ನನ್ ತಮ್ಮ ಮಾಳಪ್ಪ ಸಂಜಿಗೆ ಇದೇ ದಾರ್‍ಯಾಗ ಬರ್ತಾನ. ಅವನೂ ಕಂಬ ನೋಡೇ ದಾಟಾಂವ.”

ತಮ್ಮನ ಫೋನ್ ಸ್ವಿಚ್ ಆಫ್. ಕಾಯುತ್ತ ಕೂತರೆ ಕುರಿ ಜೋಳದ ಹೊಲಕ್ಕೆ ನುಗ್ಗುತ್ತವೆ. ಗ್ಯಾಂಗ್‌ಮನ್ ಬಾವುಟ ಹಿಡಿದು ಮುಂದೆ ನಡೆದು ಎಲ್ಲರನ್ನೂ ದಾಟಿಸಿದ. ಗೇಟಿನ ಬಳಿ ನಾನೂ ಬೀರಪ್ಪನೂ ತಂತಿ ಬಿಚ್ಚಿದೆವು. ತುಕ್ಕು ಹಿಡಿದ ಕಂಬವನ್ನು ಜಗ್ಗಿ ಇಳಿಸಿ ಹಗ್ಗದಿಂದ ಬಿಗಿದೆವು. ಗ್ಯಾಂಗ್‌ಮನ್ ಬೆನ್ನು ತಿರುಗಿಸಿ ನಿಂತ.

“ನಾ ಏನೂ ನೋಡಿಲ್ರಿ. ನನ್ನ ಫೋಟೋ ಅಳಸ್ತೀರೋ ಇಲ್ಲೋ?”

ಅಳಿಸಿದೆ. ಮುಂದಿನ ಸ್ಟೇಶನ್ನಿಗೆ ವಿಷಯ ತಿಳಿಸಲು ಅವನು ಹೊರಟ. ಬೀರಪ್ಪ ಕುರಿ ಹೊಡೆದುಕೊಂಡು ಹೋದ.

ಕಂಬವನ್ನು ನಂಬಿ ಹೋಗಲು ನನಗಾಗಲಿಲ್ಲ. ಎರಡು ಆಟೊ ಬಿಟ್ಟು ಗೇಟಿನ ಬಳಿಯ ರಸ್ತೆಯಲ್ಲೇ ನಿಂತೆ. ಬಿಸಿಲು ಇಳಿಯುವ ಹೊತ್ತಿಗೆ ನಾವು ದಾಟಿ ಬಂದಿದ್ದ ದಡದಲ್ಲಿ ಇನ್ನೊಂದು ಕುರಿ ಹಿಂಡು ಕಾಣಿಸಿತು. “ಮಾಳಪ್ಪಾ, ದಾಟಬ್ಯಾಡ!” ಎಂದು ಕೂಗುತ್ತ ಹಳ್ಳದ ಕಡೆ ಓಡಿದೆ. ಅವನು ಆಗಲೇ ಕುರಿ ನಿಲ್ಲಿಸಿ, ಕಂಬಳಿ ಹಾಸಿ ಕೂತು ಬೀಡಿ ಹಚ್ಚಿದ್ದ. ಗುರುತಿಲ್ಲದ ಹೆಂಗಸಿನ ಕೂಗಾಟ ಕಂಡು ಕೋಲೆತ್ತಿ ಗೇಟಿನ ಕಡೆ ತೋರಿಸಿದ.

“ಗೇಟು ಹಾಕೈತಿ, ಕಾಣಂಗಿಲ್ಲೇನವ್ವ?” ಎಂದು ನನ್ನನ್ನೇ ಗದರಿಸಿದ.