ಮೌನ ಎಂದು ಬರೆದ ಡಬ್ಬಿ

ಮೊದಲಿಗೆ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಮೂರು ಸಲ ತಿದ್ದಿ ಬರೆದರೂ ಸಾಲುಗಳು ಬಲಗಡೆಗೆ ಹೋಗುತ್ತಾ ಕೆಳಗೆ ಜಾರುತ್ತವೆ. ಒಂಬತ್ತನೇ ತರಗತಿಯಲ್ಲೇ ಶಾಲೆ ಬಿಟ್ಟವಳು ನಾನು, ದೊಡ್ಡ ದೊಡ್ಡ ಪದಗಳು ನನ್ನ ಹತ್ತಿರ ಇಲ್ಲ. ನಮ್ಮ ಊರಿನ ರೇಡಿಯೋ ಕೇಂದ್ರಕ್ಕೆ ನಲವತ್ತು ವರ್ಷ ತುಂಬುತ್ತದೆ, ಅದರ ನೆನಪಿನ ಪುಸ್ತಕಕ್ಕೆ ಇತಿಹಾಸ ಬರೆದುಕೊಡಿ ಎಂದು ಮ್ಯಾನೇಜರ್ ಸರ್ ನನ್ನ ಅತ್ತೆಯನ್ನು ಕೇಳಿದ್ದರು.

"ನಂಗೆ ಒರೆಸೋಕೆ ಬರುತ್ತೆ, ಬರೆಯೋಕೆ ಬರಲ್ಲ. ನಮ್ಮ ಹುಡುಗಿ ಬರೀತಾಳೆ ಬಿಡಿ" ಎಂದು ಅತ್ತೆ ನನ್ನನ್ನು ಮುಂದೆ ತಳ್ಳಿದರು. ಸರ್ ಕೇಳಿದ್ದು ಕೇಂದ್ರದ ಇತಿಹಾಸ. ನನಗೆ ಗೊತ್ತಿರುವುದು ಅತ್ತೆಯ ಕಥೆ ಮಾತ್ರ. ಅದನ್ನೇ ಬರೆಯುತ್ತೇನೆ.

ಅತ್ತೆ ನನ್ನ ಅಪ್ಪನ ಅಕ್ಕ. ಕೇಂದ್ರ ಶುರುವಾದದ್ದು ದರ್ಜಿ ಅಂಗಡಿಯೊಂದರ ಮಹಡಿಯ ಮೇಲೆ. ಒಂದು ಕೋಣೆ, ಒಂದು ಮೈಕು, ಸುರುಳಿ ಟೇಪು ಓಡಿಸುವ ಒಂದು ಯಂತ್ರ. ಮಾತು ಗೋಡೆಗೆ ಬಡಿದು ವಾಪಸ್ ಬರಬಾರದೆಂದು ಹಳೆಯ ಹತ್ತಿ ಹಾಸಿಗೆಗಳನ್ನು ಸುತ್ತಲೂ ಸೇರಿಸಿ ಹೊಲಿಯಬೇಕಿತ್ತು. ಕೆಳಗಿನ ಅಂಗಡಿಯಲ್ಲಿ ಗುಂಡಿ ಹಾಕುತ್ತಿದ್ದ ಅತ್ತೆಯನ್ನು ದಪ್ಪ ಸೂಜಿ ಹಿಡಿದು ಬಾ ಎಂದು ಕರೆದರು. ಒಂದು ಮಧ್ಯಾಹ್ನದ ಕೆಲಸವೆಂದು ಹೋದವರು ಇವತ್ತಿಗೂ ಗುಂಡಿ ಹಾಕಲು ವಾಪಸ್ ಹೋಗಿಲ್ಲ.

ಕರೆದವರು ಕೇಂದ್ರದ ಮೊದಲ ಉದ್ಘೋಷಕರು. ಪ್ರತಿದಿನ ಬೆಳಿಗ್ಗೆ "ಗಂಟೆ ಏಳು. ಎದ್ದಿದ್ದೀರಾ?" ಎಂದು ಶುರು ಮಾಡುತ್ತಿದ್ದರು. ಯಾವ ಬೀದಿಗೆ ನೀರು ಬರುವುದಿಲ್ಲ, ಯಾರ ಕೊಡೆ ಬಸ್ಸಿನಲ್ಲಿ ಸಿಕ್ಕಿದೆ, ಎಲ್ಲವನ್ನೂ ಮನೆಯವರ ಹಾಗೆ ಹೇಳುತ್ತಿದ್ದರು. ಊರೆಲ್ಲ ಅವರನ್ನು ಏಳು ಗಂಟೆ ಮಾಮ ಎನ್ನುತ್ತಿತ್ತು. ಊರಿಗೆ ಗೊತ್ತಿಲ್ಲದ ಒಂದು ವಿಷಯವಿತ್ತು. ಆ ಮಾತನ್ನೆಲ್ಲ ಹಿಂದಿನ ಸಂಜೆಯೇ ಟೇಪಿನಲ್ಲಿ ತುಂಬಿಡುತ್ತಿದ್ದರು. ಯಾಕೆಂದರೆ ಏಳು ಗಂಟೆ ಮಾಮ ಏಳುತ್ತಿದ್ದದ್ದು ಎಂಟಕ್ಕೆ. ಅವರ ಹೆಂಡತಿ, ನಮ್ಮ ಎದುರುಮನೆಯಮ್ಮ, ರೇಡಿಯೋ "ಎದ್ದಿದ್ದೀರಾ?" ಎಂದ ಕೂಡಲೇ ಅಡುಗೆಮನೆಯಿಂದ ಕೂಗುತ್ತಿದ್ದರು: "ನಾನು ಎದ್ದಿದೀನಿ, ನೀವು ಏಳಿ!" ಬೀದಿಯ ಈಚೆ ಬದಿಯಲ್ಲಿ ಅತ್ತೆ ನಗುತ್ತಿದ್ದರು.

ಕೇಂದ್ರದಲ್ಲಿ ಮಾತು ತುಂಬಲು ಇದ್ದದ್ದು ಹನ್ನೆರಡೇ ಟೇಪು. ಹಾಗಾಗಿ ವಾರದ ಮಾತನ್ನೆಲ್ಲ ಶನಿವಾರ ಅಳಿಸಿ, ಮುಂದಿನ ವಾರದ ಮಾತನ್ನು ಅವುಗಳಲ್ಲೇ ತುಂಬಬೇಕಿತ್ತು. ಆ ಕೆಲಸ ಅತ್ತೆಯ ಪಾಲಿಗೆ ಬಂತು. ಇಸ್ತ್ರಿಪೆಟ್ಟಿಗೆಯಷ್ಟು ದೊಡ್ಡ ಅಯಸ್ಕಾಂತವನ್ನು ಸುರುಳಿಯ ಮೇಲೆ ದುಂಡಗೆ ಆಡಿಸಿ, ನಿಧಾನವಾಗಿ ದೂರಕ್ಕೆ ಎಳೆಯಬೇಕು. ಅವಸರ ಮಾಡಿದರೆ ಟೇಪಿನಲ್ಲಿ ಟಪ್ಪೆಂದು ಸದ್ದು ಉಳಿಯುತ್ತದೆ. ಅತ್ತೆ ಒರೆಸಿದ ಟೇಪಿನಲ್ಲಿ ಒಂದು ದಿನವೂ ಸದ್ದು ಉಳಿಯಲಿಲ್ಲವಂತೆ. ಅದಕ್ಕೇ ಅವರಿಗೆ ರಬ್ಬರಕ್ಕ ಎಂದು ಹೆಸರಾಯಿತು. ಕೈಗಡಿಯಾರ ನಿಂತುಹೋಗುತ್ತದೆಂದು ಅದನ್ನು ಬಿಚ್ಚಿ ಪಕ್ಕದ ಕೋಣೆಯಲ್ಲಿಟ್ಟು ಬರುತ್ತಿದ್ದರು. ಕಂಪ್ಯೂಟರ್ ಬಂದು ಒರೆಸುವ ಕೆಲಸವೇ ಹೋಗಿದೆ, ಅಭ್ಯಾಸ ಹೋಗಿಲ್ಲ. ಟೇಪು ಕಂಡರೆ ಸಾಕು, ಗಡಿಯಾರ ಬಿಚ್ಚುತ್ತಾರೆ.

ಆ ಹನ್ನೆರಡಲ್ಲದೆ, ಒರೆಸಬಾರದ ಟೇಪು ಒಂದೇ ಒಂದಿತ್ತು. ಅದರ ಡಬ್ಬಿಯ ಮೇಲೆ "ಮೌನ" ಎಂದು ಬರೆದಿತ್ತು. ಕೆಮ್ಮೋ ತಪ್ಪು ಮಾತೋ ಬಂದರೆ ಟೇಪಿನ ಅಷ್ಟು ಭಾಗ ಕತ್ತರಿಸುತ್ತಾರೆ. ಆ ಜಾಗ ಪೂರ್ತಿ ಖಾಲಿಯಾಗಿದ್ದರೆ ಕೇಳುವವರಿಗೆ ರೇಡಿಯೋ ಕೆಟ್ಟಂತೆ ಅನ್ನಿಸುತ್ತದೆ. ಅದಕ್ಕಾಗಿ ಮೊದಲ ವಾರದಲ್ಲೇ, ಯಾರೂ ಮಾತಾಡದೆ ಕೂತು, ಆ ಕೋಣೆಯ ಮೌನವನ್ನೇ ಟೇಪಿನಲ್ಲಿ ತುಂಬಿಟ್ಟಿದ್ದರು. ಬೇಕಾದಾಗ ಅದರ ನಡುವಿನಿಂದ ಸ್ವಲ್ಪ ಪ್ರತಿ ಮಾಡಿ ಅಂಟಿಸುತ್ತಿದ್ದರು. ಅತ್ತೆ ಆ ಡಬ್ಬಿಯ ಧೂಳು ಒರೆಸುತ್ತಿದ್ದರು, ಅಷ್ಟೇ.

ಏಳು ಗಂಟೆ ಮಾಮ ತೀರಿಕೊಂಡು ಒಂಬತ್ತು ವರ್ಷವಾಯಿತು. ಒಂದು ಶುಕ್ರವಾರ ಎದೆ ನೋವೆಂದು ಆಸ್ಪತ್ರೆಗೆ ಸೇರಿದರು. ಮರುದಿನ ಶನಿವಾರ. ಅತ್ತೆ ಎಂದಿನಂತೆ ಗಡಿಯಾರ ಬಿಚ್ಚಿಟ್ಟು ಹನ್ನೆರಡೂ ಟೇಪು ಒರೆಸಿದರು. ಭಾನುವಾರ ಮಾಮ ಹೋಗಿಬಿಟ್ಟರು. ಕೆಲವು ದಿನ ಕಳೆದ ಮೇಲೆ ಎದುರುಮನೆಯಮ್ಮ ಕೇಂದ್ರಕ್ಕೆ ಬಂದು ಅತ್ತೆಯ ಪಕ್ಕ ಕೂತರು.

"ಅವರ ಒಂದು ಮಾತು ಸಾಕು ಕಣೇ. 'ಎದ್ದಿದ್ದೀರಾ' ಅಂತಾರಲ್ಲ, ಅಷ್ಟೇ ಸಾಕು."

"ಇಲ್ವೇ. ನಾನೇ ಒರೆಸಿಬಿಟ್ಟೆ."

"ಎಲ್ಲಾನೂ?"

"ಎಲ್ಲಾನೂ."

ಎದುರುಮನೆಯಮ್ಮ ಎದ್ದು ಹೋದರು. ಅಂದಿನಿಂದ ಆ ಮನೆಯ ಬೀದಿ ಕಿಟಕಿ ತೆರೆಯಲಿಲ್ಲ. ಒಂದೇ ಅಂಗಡಿಯಲ್ಲಿ ಸಿಕ್ಕರೂ ಅವರು ಬೇರೆ ಕಡೆ ತಿರುಗುತ್ತಿದ್ದರು. ಅತ್ತೆಗೆ ಮದುವೆಯಿಲ್ಲ, ಇದ್ದ ಗೆಳತಿ ಅವರೊಬ್ಬರೇ. ಅತ್ತೆ ದಿನವೂ ಬೆಳಿಗ್ಗೆ ಏಳಕ್ಕೆ ಸರಿಯಾಗಿ ನಮ್ಮ ಬಾಗಿಲು ತೆರೆದು, ಆ ಕಿಟಕಿಯನ್ನೊಮ್ಮೆ ನೋಡಿ ಒಳಗೆ ಬರುತ್ತಿದ್ದರು.

ಕಳೆದ ಮಂಗಳವಾರ, ಇತಿಹಾಸಕ್ಕೆ ಬೇಕಾದ ವಿವರ ಕೇಳಲು ನಾನು ಅತ್ತೆ ಈಗ ನೋಡಿಕೊಳ್ಳುವ ಕೇಂದ್ರದ ಸಾಮಾನಿನ ಕೋಣೆಗೆ ಹೋಗಿದ್ದೆ. ವಿದ್ಯುತ್ ಕೆಲಸದ ವೈರ್ ಮಾಮ ಹಳೆಯ ಟೇಪು ಯಂತ್ರವನ್ನು ಸರಿಮಾಡಿ, ಪ್ರದರ್ಶನಕ್ಕಿಡುವ ಮೊದಲು ಓಡುತ್ತದೆಯೇ ನೋಡಬೇಕೆಂದಿದ್ದರು.

"ರಬ್ಬರಕ್ಕ, ಯಾವ್ದಾದ್ರೂ ಕೆಲಸಕ್ಕೆ ಬಾರದ ಟೇಪ್ ಕೊಡಿ. ಇದು ಅಗಿದು ಹಾಕಿದ್ರೂ ಅಳೋರು ಇರಬಾರದು."

"ತಗೊಳ್ಳಪ್ಪ, ಇದರಲ್ಲಿ ಏನೂ ಇಲ್ಲ" ಎಂದು ಅತ್ತೆ ಮೌನದ ಡಬ್ಬಿ ಕೊಟ್ಟರು.

ವೈರ್ ಮಾಮ ಟೇಪನ್ನು ಮೊದಲಿನಿಂದ ಹಾಕಿದರು. ಯಂತ್ರ ಕರಕರ ಎಂದಿತು. ಆಮೇಲೆ ಒಂದು ಗಂಡು ದನಿ: "ಈಗ ಎರಡು ನಿಮಿಷ ಯಾರೂ ಮಾತಾಡಬಾರದು. ಕೆಳಗಿನ ದರ್ಜಿಯಣ್ಣ, ಮಿಷನ್ ನಿಲ್ಸಪ್ಪ! ಏ ತಂಗಿ, ನೀನೂ ಸೂಜಿ ಕೆಳಗಿಡು."

ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಗಡಿಯಾರ ಬಿಚ್ಚಿ ನನ್ನ ಕೈಗೆ ತುರುಕಿದ್ದು. "ನಿಲ್ಸು, ನಿಲ್ಸು! ಮೊದಲಿಗೆ ಸುತ್ತು!" ಎಂದು ವೈರ್ ಮಾಮನಿಗೆ ಹೇಳಿ ನನ್ನ ಕಡೆ ತಿರುಗಿದರು. "ಓಡು, ಅವಳನ್ನ ಕರ್ಕೊಂಡು ಬಾ. ನಾನು ಹೋದ್ರೆ ಬಾಗಿಲು ತೆಗೆಯಲ್ಲ."

ಮನೆಯವರಲ್ಲದ ಯಾರ ಮುಂದೆಯೂ ನನಗೆ ಸರಿಯಾಗಿ ಮಾತಾಡಲು ಬರುವುದಿಲ್ಲ, ಶಾಲೆ ಬಿಟ್ಟದ್ದೂ ಅದಕ್ಕೇ. ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಬಾಗಿಲು ತೆರೆದಾಗ ಅದೆಲ್ಲ ಮರೆತುಹೋಗಿ, "ಮಾಮ ಮಾತಾಡ್ತಿದಾರೆ" ಎಂದುಬಿಟ್ಟೆ.

"ಯಾವ ಮಾಮ?"

"ಏಳು ಗಂಟೆ ಮಾಮ."

ಅವರು ಮನೆಯೊಳಗಿನ ಚಪ್ಪಲಿಯಲ್ಲೇ, ಬಾಗಿಲನ್ನೂ ಹಾಕದೆ ನನ್ನ ಜೊತೆ ಬಂದರು.

ವೈರ್ ಮಾಮ ಮತ್ತೆ ಹಾಕಿದರು. ಆ ಮೂರು ಮಾತು ಮುಗಿದವು. ನಂತರ ಮೌನ ಶುರುವಾಯಿತು. ಸ್ವಲ್ಪ ಹೊತ್ತು ನೋಡಿ ವೈರ್ ಮಾಮ ಮೆಲ್ಲಗೆ ಹೇಳಿದರು: "ಇಲ್ಲಿ ಏನೂ ಇಲ್ಲಮ್ಮ, ಮುಂದಕ್ಕೆ ಓಡಿಸ್ತೀನಿ."

"ಮುಟ್ಟಬೇಡಿ" ಎಂದರು ಎದುರುಮನೆಯಮ್ಮ. "ಕೂತಿದಾರೆ ಅವರು."

ಆಗ ನನಗೂ ಕೇಳಿಸಿತು. ಉಸಿರಿನ ಜೊತೆ ಮೂಗಿನಲ್ಲಿ ಸಣ್ಣ ಸಿಳ್ಳೆ. ಹೋಗುತ್ತಾ ಹೋಗುತ್ತಾ ಅದು ಉದ್ದವಾಯಿತು, ಇನ್ನೇನು ಗೊರಕೆ ಎನ್ನುವಷ್ಟು. ಎರಡು ನಿಮಿಷ ಮುಗಿದಾಗ ಕುರ್ಚಿ ಕಿರುಗುಟ್ಟಿತು. "ಆಯ್ತಾ? ಅಯ್ಯೋ, ನಂಗೆ ನಿದ್ದೆ ಹತ್ತಿಬಿಟ್ಟಿತ್ತು!" ಎಂದಿತು ದನಿ.

"ನಾನು ಎದ್ದಿದೀನಿ, ನೀವು ಏಳಿ" ಎಂದರು ಎದುರುಮನೆಯಮ್ಮ, ಯಂತ್ರದ ಕಡೆಗೆ ನೋಡುತ್ತಾ. ಸೆರಗಿನಿಂದ ಮುಖ ಒರೆಸಿಕೊಂಡು ಅತ್ತೆಯನ್ನು ಕೇಳಿದರು: "ಇದೊಂದನ್ನ ನಂಗೋಸ್ಕರ ಉಳಿಸಿದ್ಯಾ?"

ಹೌದು ಎಂದುಬಿಡಲಿ ದೇವರೇ ಎಂದುಕೊಂಡೆ. ಅತ್ತೆ ಅಡ್ಡಡ್ಡ ತಲೆಯಾಡಿಸಿದರು. "ಇಲ್ಲ ಕಣೇ. ಖಾಲಿ ಅನ್ಕೊಂಡಿದ್ದೆ."

ಎದುರುಮನೆಯಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. "ಒಂದು ಸುಳ್ಳು ಹೇಳೋಕೂ ಬರಲ್ವಲ್ಲೇ ನಿಂಗೆ! ಅವತ್ತೂ ಅಷ್ಟೇ. ಬೇರೆ ಯಾರೋ ಒರೆಸಿದ್ರು ಅಂದಿದ್ರೆ ಆಗ್ತಿರಲಿಲ್ವಾ?"

"ಒರೆಸಿದ್ದು ನಾನೇ ಅಲ್ವಾ."

"ಸರಿ ಮಾರಾಯ್ತಿ, ಸ್ವಲ್ಪ ಆಚೆ ಸರಿ. ಕೂರೋಕೆ ಜಾಗ ಕೊಡು. ಇನ್ನೊಂದ್ಸಲ ಹಾಕ್ಸು."

ಇವತ್ತು ಬೆಳಿಗ್ಗೆ ಏಳಕ್ಕೆ ಅತ್ತೆ ಬಾಗಿಲು ತೆರೆದಾಗ ಎದುರಿನ ಕಿಟಕಿ ಆಗಲೇ ತೆರೆದಿತ್ತು. ನಲವತ್ತನೇ ವರ್ಷದ ಕಾರ್ಯಕ್ರಮದಲ್ಲಿ ಆ ಟೇಪು ಹಾಕುತ್ತೇವೆ, ನಡುವಿನ ಎರಡು ನಿಮಿಷ ಕತ್ತರಿಸಿ, ಎಂದು ಮ್ಯಾನೇಜರ್ ಸರ್ ಹೇಳಿದರು. ಹಾಕಿದರೆ ಪೂರ್ತಿ ಹಾಕಿ ಎಂದು ಇಬ್ಬರೂ ಒಟ್ಟಿಗೆ ಜಗಳಕ್ಕೆ ನಿಂತರು. ಸರ್ ಒಪ್ಪಿಕೊಂಡಿದ್ದಾರೆ.

ನಾಳೆ ವೈರ್ ಮಾಮ ಎದುರುಮನೆಯಮ್ಮನಿಗೊಂದು ಪ್ರತಿ ಮಾಡಿಕೊಡುತ್ತಾರೆ. ಹಳೆಯ ಡಬ್ಬಿಗೆ ಹೊಸ ಚೀಟಿ ಬರೆಯುವ ಕೆಲಸ ನನ್ನದು. ಸಾಲು ಜಾರದಂತೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು, "ಒರೆಸಬಾರದು" ಎಂದು ಬರೆದು ಅಂಟಿಸುತ್ತೇನೆ.